ಬ್ಯಾಂಜೋದಲ್ಲಿ ಶಾಸ್ತ್ರೀಯ ಸಂಗೀತ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷ ವೀಣೆ ಕಲಿತ ಮೇಲೆ ನಾನು ಐದು ತಂತಿಯ ಬ್ಯಾಂಜೋ ಹಿಡಿದೆ. ಈಗ ಹನ್ನೆರಡು ವರ್ಷಗಳಿಂದ ಅದರಲ್ಲಿ ಕರ್ನಾಟಕ ಸಂಗೀತವನ್ನು ನುಡಿಸುತ್ತಿದ್ದೇನೆ, ಬಿಡುವಿದ್ದಾಗ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಬಾಕ್‌ನ ಕೃತಿಗಳನ್ನೂ ನುಡಿಸುತ್ತೇನೆ. ಶಿವಮೊಗ್ಗದಲ್ಲಿ ಕಛೇರಿ ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದವರು, ಸಾಗರ ಮತ್ತು ತೀರ್ಥಹಳ್ಳಿಯ ಮನೆಗಳ ಜಗಲಿಯಲ್ಲಿ ಕುಳಿತು ಕೇಳಿದವರು, ಪತ್ರ ಬರೆದವರು ಎತ್ತಿದ ಪ್ರಶ್ನೆಗಳು ಬಹುಪಾಲು ಒಂದೇ ಬಗೆಯವು. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲ ಪರಿಚಯ

ಬ್ಯಾಂಜೋ ಎಂದರೆ ಟೈಪ್‌ರೈಟರಿನ ಹಾಗೆ ಗುಂಡಿ ಒತ್ತುವ ವಾದ್ಯವಲ್ಲವೇ?

ನಮ್ಮ ಕಡೆ ಆ ಹೆಸರಿನಿಂದ ಹೆಚ್ಚು ಜನಕ್ಕೆ ಗೊತ್ತಿರುವುದು ಅದೇ. ಅದರ ಇನ್ನೊಂದು ಹೆಸರು ಬುಲ್‌ಬುಲ್ ತರಂಗ. 1912ರಲ್ಲಿ ಜಪಾನಿನ ನಗೋಯಾದಲ್ಲಿ ಗೊರೊ ಮೊರಿತಾ ರೂಪಿಸಿದ ತೈಶೋಗೊತೊ ಎಂಬ ವಾದ್ಯ ನಮ್ಮ ದೇಶಕ್ಕೆ ಬಂದು ಈ ಹೆಸರುಗಳನ್ನು ಪಡೆಯಿತು. ಅದರಲ್ಲಿ ತಂತಿಯನ್ನು ಒತ್ತುವುದು ಗುಂಡಿ. ಎಡಗೈ ಬೆರಳು ತಂತಿಯನ್ನು ಮುಟ್ಟುವುದೇ ಇಲ್ಲವಾದ್ದರಿಂದ ಜಗ್ಗುವುದಕ್ಕೆ ಅವಕಾಶ ತೀರಾ ಕಡಿಮೆ. ಭಜನೆಗೆ, ಭಾವಗೀತೆಗೆ ಅದು ಸೊಗಸಾದ ವಾದ್ಯ.

ಇಲ್ಲಿ ನಾನು ಹೇಳುತ್ತಿರುವುದು ದುಂಡನೆಯ ಬಳೆಗೆ ಮದ್ದಳೆಯಂತೆ ಮುಚ್ಚಿಗೆ ಬಿಗಿದು, ಉದ್ದನೆಯ ದಂಡಿ ಕೂಡಿಸಿ, ಐದು ತಂತಿ ಕಟ್ಟಿದ ವಾದ್ಯದ ಬಗ್ಗೆ. ಐದನೆಯ ತಂತಿ ಉಳಿದವುಗಳಿಗಿಂತ ಗಿಡ್ಡ. ಅದರ ಬಿರಡೆ ದಂಡಿಯ ನಡುವೆ, ಐದನೆಯ ಮೆಟ್ಟಿಲಿನ, ಅಂದರೆ ಸ್ವರಸ್ಥಾನ ತೋರುವ ಅಡ್ಡಪಟ್ಟಿಯ, ಪಕ್ಕದಲ್ಲಿರುತ್ತದೆ. ಕರ್ನಾಟಕ ಸಂಗೀತಕ್ಕೆ ಈ ವಾದ್ಯದ ಬಾಗಿಲು ತೆರೆಯುವುದೇ ಆ ಗಿಡ್ಡ ತಂತಿ.

ಇದು ಅಮೆರಿಕದ ಹಳ್ಳಿಗರ ವಾದ್ಯ. ಇದರಲ್ಲಿ ಕೀರ್ತನೆ ನುಡಿಸುವುದು ಒತ್ತಾಯದ ಮದುವೆಯಲ್ಲವೇ?

ಬ್ಯಾಂಜೋದ ಬೇರು ಅಮೆರಿಕಕ್ಕಿಂತ ಹಿಂದಿನದು. ಪಶ್ಚಿಮ ಆಫ್ರಿಕಾದಲ್ಲಿ ಸೋರೆ ಬುರುಡೆಗೆ ಚರ್ಮ ಹೊದಿಸಿದ ತಂತಿವಾದ್ಯಗಳಿದ್ದವು. ಸೆನೆಗಾಂಬಿಯಾದ ಜೋಲಾ ಜನರ ಅಕೊಂಟಿಂಗ್‌ನಲ್ಲಿ ಇಂದಿಗೂ ಹೆಬ್ಬೆರಳಿನಿಂದ ಮೀಟುವ ಗಿಡ್ಡ ತಂತಿಯಿದೆ. ಗುಲಾಮರಾಗಿ ಸಾಗಿಸಲ್ಪಟ್ಟವರು ಕೆರಿಬಿಯನ್ ದ್ವೀಪಗಳಲ್ಲಿ ತಮ್ಮ ನೆನಪಿನಿಂದ ಇಂಥ ವಾದ್ಯಗಳನ್ನು ಮತ್ತೆ ಕಟ್ಟಿಕೊಂಡರು. 1687ರಲ್ಲಿ ಜಮೈಕಾಕ್ಕೆ ಹೋಗಿದ್ದ ಹ್ಯಾನ್ಸ್ ಸ್ಲೋನ್ ಅವನ್ನು ಕಂಡು, ಚಿತ್ರಸಹಿತ ದಾಖಲಿಸಿದ್ದಾನೆ. ಎಲ್ಲವನ್ನೂ ಕಸಿದುಕೊಂಡ ಮೇಲೂ ಒಂದು ಜನ ಬಿಟ್ಟುಕೊಡದ ನಾದ ಇದು. ವಾದ್ಯವನ್ನು ಕೈಗೆ ತೆಗೆದುಕೊಳ್ಳುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಮದುವೆಯ ಮಾತಿಗೆ ಬಂದರೆ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡು ಇನ್ನೂರು ವರ್ಷಗಳಾದವು. ಇಂದು ಪಿಟೀಲಿಲ್ಲದ ಹಾಡುಗಾರಿಕೆಯ ಕಛೇರಿ ಅಪರೂಪ. ಯು. ಶ್ರೀನಿವಾಸ್ ಮ್ಯಾಂಡೊಲಿನ್ ತಂದರು, ನಮ್ಮ ಕರಾವಳಿಯ ಕದ್ರಿ ಗೋಪಾಲನಾಥ್ ಸ್ಯಾಕ್ಸೊಫೋನ್ ತಂದರು. ರಾಗ ಕೆಡದಿದ್ದರೆ ವಾದ್ಯದ ಊರು ಯಾವುದೆಂದು ರಸಿಕರು ಕೇಳುವುದಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನಾದರೂ ಇದರಲ್ಲಿ ಯಾರಾದರೂ ಗಂಭೀರವಾಗಿ ನುಡಿಸಿದ್ದಾರೆಯೇ?

ನುಡಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರುಳಿನ ತಂತಿ ಕಟ್ಟಿ, ಬರಿಯ ಬೆರಳುಗಳಿಂದ, ಸ್ವರಲಿಪಿ ನೋಡಿ ನುಡಿಸುವ ಒಂದು ಪದ್ಧತಿಯೇ ಬೆಳೆದಿತ್ತು. ವೆಸ್ ಆಸ್‌ಮನ್, ಫ್ರೆಡ್ ವ್ಯಾನ್ ಎಪ್ಸ್ ಆ ಪರಂಪರೆಯ ದೊಡ್ಡ ಹೆಸರುಗಳು. ನಮ್ಮ ಕಾಲದಲ್ಲಿ ಅಮೆರಿಕದ ಬ್ಯಾಂಜೋ ವಾದಕ ಬೇಲಾ ಫ್ಲೆಕ್ 2001ರಲ್ಲಿ ಬಾಕ್, ಸ್ಕಾರ್ಲಾಟಿ, ಶೋಪಾನ್ ಮುಂತಾದವರ ಕೃತಿಗಳನ್ನೇ ನುಡಿಸಿ ಇಡೀ ಒಂದು ಆಲ್ಬಂ ತಂದರು, ಅದಕ್ಕೆ ಗ್ರ್ಯಾಮಿ ಪ್ರಶಸ್ತಿಗಳು ಬಂದವು. 2011ರಲ್ಲಿ ಬ್ಯಾಂಜೋ ಮತ್ತು ವಾದ್ಯವೃಂದಕ್ಕಾಗಿ ಕನ್ಸರ್ಟೊ ಬರೆದರು. ಉಸ್ತಾದ್ ಜಾಕಿರ್ ಹುಸೇನರೊಂದಿಗೆ ಅವರು ನುಡಿಸಿರುವುದನ್ನು ತಬಲ ಬಲ್ಲವರು ಖಂಡಿತ ಕೇಳಬೇಕು. ಬ್ಯಾಂಜೋದ ಚಿಕ್ಕ ಸ್ವರಕ್ಕೂ ತಬಲದ ಬೋಲಿಗೂ ಎಂಥ ನೆಂಟಸ್ತಿಕೆ ಎಂಬುದು ಅಲ್ಲಿ ತಿಳಿಯುತ್ತದೆ.

ಸ್ವರ ಇಷ್ಟು ಬೇಗ ಅಡಗಿಹೋಗುತ್ತದೆ, ಯಾಕೆ?

ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ ಕುಳಿತಿರುವುದು ಮರದ ಹಲಗೆಯ ಮೇಲಲ್ಲ, ಹಗುರವಾದ ಮುಚ್ಚಿಗೆಯ ಮೇಲೆ. ತಂತಿ ಅಲುಗಿದೊಡನೆ ಮುಚ್ಚಿಗೆ ಅದರ ಶಕ್ತಿಯನ್ನೆಲ್ಲ ಹೀರಿಕೊಂಡು ಗಾಳಿಗೆ ಕೊಟ್ಟುಬಿಡುತ್ತದೆ. ಹಾಗಾಗಿ ಸದ್ದು ದೊಡ್ಡದು, ಬಾಳು ಚಿಕ್ಕದು. ವೀಣೆಯ ಹಲಸಿನ ಮರ ಅದೇ ಶಕ್ತಿಯನ್ನು ಮೆಲ್ಲಗೆ ಖರ್ಚು ಮಾಡುತ್ತದೆ.

ಕಲಿಯುವವರು ಮೊದಲು ಒಪ್ಪಿಕೊಳ್ಳಬೇಕಾದದ್ದು ಇದನ್ನೇ. ನಾನು ಮೊದಲ ಎರಡು ವರ್ಷ ಬ್ಯಾಂಜೋದಿಂದ ವೀಣೆಯ ನಾದ ಹೊರಡಿಸಲು ಹೆಣಗಿದೆ. ಅದು ಹೊರಡಲಿಲ್ಲ. ಸ್ವರ ಅಡಗುವ ಮೊದಲೇ ಅದರ ಕೆಲಸ ಮುಗಿಯುವಂತೆ ನುಡಿಸತೊಡಗಿದ ಮೇಲೆ ವಾದ್ಯ ನನ್ನ ಮಾತು ಕೇಳಲು ಆರಂಭಿಸಿತು. ಮುಂದಿನ ಉತ್ತರಗಳೆಲ್ಲ ಈ ಅನುಭವದಿಂದಲೇ ಬಂದವು.

## ಕೊಳ್ಳುವುದು, ಕಾಪಾಡುವುದು

ಎಂಥ ಬ್ಯಾಂಜೋ ಕೊಳ್ಳಬೇಕು?

ಐದು ತಂತಿಯದ್ದು, 22 ಮೆಟ್ಟಿಲಿನದ್ದು. ನಾಲ್ಕು ತಂತಿಯ ಟೆನರ್ ಬ್ಯಾಂಜೋ ಬೇಡ. ಅದರಲ್ಲಿ ಗಿಡ್ಡ ತಂತಿಯಿಲ್ಲ. ಹಿಂದೆ ಮರದ ಬಟ್ಟಲು ಕೂಡಿಸಿದ್ದು ಜೋರಾಗಿ ಕೇಳಿಸುತ್ತದೆ, ಆದರೆ ನಾಲ್ಕೈದು ಕಿಲೋ ತೂಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವವರ ತೊಡೆಗೆ ಅದು ಹೊರೆ. ಹಿಂಬದಿ ತೆರೆದಿರುವುದೇ ಮನೆಗೂ ಚಿಕ್ಕ ಸಭೆಗೂ ಸಾಕು, ಅದರ ನಾದವೂ ಮೃದು.

ಕೊಳ್ಳುವ ಮೊದಲು ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿ ಒತ್ತಿ ಮೀಟಿ, ಖಾಲಿ ತಂತಿಯ ಮೇಲಿನ ಷಡ್ಜಕ್ಕೆ ಸರಿಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಗಾಬರಿ ಬೇಡ. ಬ್ಯಾಂಜೋದ ಕುದುರೆಯನ್ನು ಅಂಟಿಸಿರುವುದಿಲ್ಲ, ಕೊಂಚ ಹಿಂದೆ ಮುಂದೆ ಸರಿಸಿ ಸರಿಪಡಿಸಬಹುದು. ಸರಿಸಿದರೂ ಹೊಂದದಿದ್ದರೆ ಆ ವಾದ್ಯವನ್ನು ಬಿಟ್ಟುಬಿಡಿ.

ನಮ್ಮ ಮಳೆಗೆ ಇದು ತಡೆಯುತ್ತದೆಯೇ? ಆರಿದ್ರಾ ಮಳೆ ಹಿಡಿದರೆ ಮನೆಯ ಪೆಟ್ಟಿಗೆಗೂ ಬೂಷ್ಟು ಬರುತ್ತದೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಊರಿನವರೇ ಈ ಪ್ರಶ್ನೆಯನ್ನು ಹೆಚ್ಚು ಕೇಳಿದ್ದಾರೆ. ಉತ್ತರ ಮುಚ್ಚಿಗೆಯ ಮೇಲೆ ನಿಂತಿದೆ. ಹಳೆಯ ಬ್ಯಾಂಜೋಗಳಿಗೆ ಕರುವಿನ ಚರ್ಮ ಇರುತ್ತಿತ್ತು. ತಂಪಿಗೆ ಚರ್ಮ ಸಡಿಲವಾಗಿ ಕುದುರೆ ಕುಸಿಯುತ್ತದೆ, ತಂತಿ ಮೆಟ್ಟಿಲಿಗೆ ತಾಗಿ ಜಿರ್ರೆನ್ನುತ್ತದೆ, ಶ್ರುತಿ ಇಳಿಯುತ್ತದೆ. ನಾನು ಮೊದಲು ತಂದದ್ದು ಚರ್ಮದ್ದೇ. ಒಮ್ಮೆ ಜುಲೈ ತಿಂಗಳಿನಲ್ಲಿ ತೀರ್ಥಹಳ್ಳಿಯಲ್ಲಿ ಒಬ್ಬರ ಮನೆಯಲ್ಲಿ ನುಡಿಸಲು ಕುಳಿತಾಗ, ಮೊದಲು ನುಡಿಸುವ ವರ್ಣವೆಂಬ ರಚನೆ ಮುಗಿಯುವಷ್ಟರಲ್ಲಿ ಶ್ರುತಿ ಅರ್ಧ ಸ್ವರ ಜಾರಿತ್ತು. ಮದ್ದಳೆಯವರು ಮಾಡುವಂತೆ ಕೆಂಡದ ಹತ್ತಿರ ಹಿಡಿದು ಕಾಯಿಸಿದೆ. ಅರ್ಧ ಗಂಟೆಗೆ ಮತ್ತೆ ಅದೇ ಪಾಡು.

1950ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಮುಚ್ಚಿಗೆ ಬಂದಿದೆ, ಮಲೆನಾಡಿಗೆ ಅದೇ ಸರಿ. ತೇವ ಅದನ್ನು ಮುಟ್ಟುವುದಿಲ್ಲ. ಉಳಿದ ಭಾಗಗಳಿಗೆ ಎಚ್ಚರ ಬೇಕು. ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ, ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಇಟ್ಟು, ಬಿಸಿಲು ಬಂದ ದಿನ ಅದನ್ನು ಒಣಗಿಸಿಕೊಳ್ಳಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ವಾದ್ಯವನ್ನು ಅಲ್ಲಿಡುವವರಿದ್ದಾರೆ. ಅಡಿಕೆಗೆ ಆ ಜಾಗ ಚೆನ್ನ, ಬ್ಯಾಂಜೋಗೆ ಅಲ್ಲ. ಹೊಗೆ ತಂತಿಯನ್ನು ತಿನ್ನುತ್ತದೆ, ಒಂದೇ ಕಡೆಯ ಬಿಸಿಗೆ ದಂಡಿ ಬಾಗುತ್ತದೆ.

ತಂತಿ ಹರಿದರೆ ಶಿವಮೊಗ್ಗದಲ್ಲಿ ಸಿಗುತ್ತದೆಯೇ?

ಬ್ಯಾಂಜೋ ತಂತಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ಅಂಥದ್ದನ್ನು ಹೊರಗಿನಿಂದಲೇ ತರಿಸಬೇಕು. ತುರ್ತಿಗೆ ಗಿಟಾರಿನ ತಂತಿಯನ್ನು ಬಳಸಬಹುದು. ಅದರ ತುದಿಯ ಹಿತ್ತಾಳೆ ಗುಂಡನ್ನು ಇಕ್ಕಳದಿಂದ ಮೆಲ್ಲಗೆ ಒಡೆದು ತೆಗೆದರೆ ಕುಣಿಕೆ ಉಳಿಯುತ್ತದೆ. ಒಡೆಯುವಾಗ ಕಣ್ಣಿಗೆ ಸಿಡಿಯದಂತೆ ಬಟ್ಟೆ ಮುಚ್ಚಿಕೊಳ್ಳಿ.

ಸದ್ದು ಕರ್ಕಶ ಎಂದು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಏನು ಮಾಡಲಿ?

ಮುಚ್ಚಿಗೆಯನ್ನು ಅತಿಯಾಗಿ ಬಿಗಿದಿರಬೇಕು. ಸುತ್ತಲಿನ ತಿರುಪುಗಳನ್ನು ಎದುರುಬದುರಾಗಿ, ಒಂದು ಸಲಕ್ಕೆ ಕಾಲು ಸುತ್ತಿನಂತೆ, ಸಮವಾಗಿ ಸಡಿಲಿಸಿ. ಸ್ವಲ್ಪ ಭಾರದ ಕುದುರೆ ಹಾಕಿದರೆ ಜೋರು ತಗ್ಗುತ್ತದೆ, ಸ್ವರ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತದೆ. ಶಾಸ್ತ್ರೀಯ ಸಂಗೀತಕ್ಕೆ ಈ ಎರಡೂ ಲಾಭವೇ. ಒಳಗಿನ ಕೋಲಿಗೂ ಮುಚ್ಚಿಗೆಗೂ ನಡುವೆ ಮೆತ್ತನೆಯ ಬಟ್ಟೆ ತುರುಕಿದರೆ ರಾತ್ರಿಯ ಅಭ್ಯಾಸವನ್ನೂ ಮಾಡಬಹುದು.

## ಕಲಿಕೆ

ಗುರುಗಳು ಎಲ್ಲಿ ಸಿಗುತ್ತಾರೆ?

ವೀಣೆಯ ಅಥವಾ ಹಾಡುಗಾರಿಕೆಯ ಗುರುಗಳ ಹತ್ತಿರ ಹೋಗಿ. ಬ್ಯಾಂಜೋ ಹಿಡಿಯುವುದನ್ನು ವಿಡಿಯೊ ನೋಡಿ ಕಲಿಯಬಹುದು, ರಾಗವನ್ನು ಹಾಗೆ ಕಲಿಯಲಾಗುವುದಿಲ್ಲ. ಪಾಠವನ್ನು ಮೊದಲು ಬಾಯಲ್ಲಿ ಹಾಡಿ, ತಾಳ ಹಾಕಿ, ಆಮೇಲೆ ತಂತಿ ಮುಟ್ಟಿ. ನನ್ನ ಗುರುಗಳು ಬ್ಯಾಂಜೋವನ್ನು ಕಂಡದ್ದೇ ನನ್ನ ಕೈಯಲ್ಲಿ. ಆದರೂ ನನ್ನ ಧನ್ಯಾಸಿಯಲ್ಲಿ ನಿಷಾದ ಎಲ್ಲಿ ತಪ್ಪುತ್ತಿದೆ ಎಂದು ಒಳಮನೆಯಿಂದಲೇ ಕೂಗಿ ಹೇಳುತ್ತಿದ್ದರು.

ಶ್ರುತಿ ಹೇಗೆ ಮಾಡಿಕೊಳ್ಳುತ್ತೀರಿ?

ಬ್ಯಾಂಜೋ ಸಾಮಾನ್ಯವಾಗಿ ಬರುವ ಶ್ರುತಿಯಲ್ಲಿ ನಾಲ್ಕನೆಯ ತಂತಿಯಿಂದ ಮೊದಲನೆಯದಕ್ಕೆ ಡಿ, ಜಿ, ಬಿ, ಡಿ, ಗಿಡ್ಡ ತಂತಿ ಮೇಲಿನ ಜಿ. ಬಾಕ್ ನುಡಿಸಲು ಇದು ಚೆನ್ನ. ನಮ್ಮ ಸಂಗೀತಕ್ಕೆ ನಾನು ಎರಡೇ ತಂತಿಗಳನ್ನು ಬದಲಿಸುತ್ತೇನೆ. ಡಿ, ಅಂದರೆ ಹಾರ್ಮೋನಿಯಂನ ಬಿಳಿ ಎರಡು, ನನ್ನ ಷಡ್ಜ. ಎರಡನೆಯ ತಂತಿಯನ್ನು ಬಿಯಿಂದ ಎಗೆ ಇಳಿಸಿದರೆ ಮಂದ್ರ, ಅಂದರೆ ಕೆಳಸ್ಥಾಯಿಯ, ಪಂಚಮ. ಗಿಡ್ಡ ತಂತಿಯನ್ನು ಜಿಯಿಂದ ಎಗೆ ಏರಿಸಿದರೆ ಮಧ್ಯ ಪಂಚಮ. ಆಗ ಮೊದಲ ತಂತಿ ಮಧ್ಯ ಷಡ್ಜ, ಎರಡನೆಯದು ಮಂದ್ರ ಪಂಚಮ, ಮೂರನೆಯದು ಮಂದ್ರ ಮಧ್ಯಮ, ನಾಲ್ಕನೆಯದು ಮಂದ್ರ ಷಡ್ಜ. ವೀಣೆ ಬಲ್ಲವರಿಗೆ ಮೊದಲ ಎರಡು ತಂತಿ ಮನೆಯಂಗಳದಷ್ಟೇ ಪರಿಚಿತ. ಮೊದಲ ತಂತಿಯ 12ನೆಯ ಮೆಟ್ಟಿಲಿನಲ್ಲಿ ತಾರ ಷಡ್ಜ, 19ರಲ್ಲಿ ತಾರ ಪಂಚಮ ಸಿಗುತ್ತದೆ. ಕೃತಿಗಳಿಗೆ ಇಷ್ಟು ಹರವು ಸಾಕು.

ಕಲ್ಯಾಣಿ, ಪಂತುವರಾಳಿಯಂಥ ಪ್ರತಿಮಧ್ಯಮ ರಾಗಗಳಿಗೆ ಮೂರನೆಯ ತಂತಿಯನ್ನೂ ಪಂಚಮಕ್ಕೆ ಏರಿಸಿಕೊಳ್ಳುತ್ತೇನೆ, ಇಲ್ಲವಾದರೆ ಶುದ್ಧ ಮಧ್ಯಮ ತಾನಾಗಿ ಅನುರಣಿಸಿ ರಾಗ ಕೆಡಿಸುತ್ತದೆ. ಪಂಚಮವಿಲ್ಲದ ಹಿಂದೋಳ, ಶ್ರೀರಂಜನಿಗಳಲ್ಲಿ ಗಿಡ್ಡ ತಂತಿಯನ್ನು ಮತ್ತೆ ಜಿಗೆ ತಂದು ಮಧ್ಯಮವಾಗಿ ಇಟ್ಟುಕೊಳ್ಳುವುದು ಬಲು ಹಿತ.

ಮೊದಲ ಪಾಠ ಯಾವುದು?

ಎಲ್ಲರಿಗೂ ಇರುವುದೇ. ಪುರಂದರದಾಸರು ಹಾಕಿಕೊಟ್ಟ ಮಾಯಾಮಾಳವಗೌಳದ ಸರಳೆ ವರಸೆ. ದಾಸರು ಹುಟ್ಟಿದ್ದು ನಮ್ಮ ತೀರ್ಥಹಳ್ಳಿಯ ಆರಗದ ಕಡೆ ಎಂಬ ವಾದವೂ ಇರುವುದರಿಂದ ಇಲ್ಲಿನ ಮಕ್ಕಳಿಗೆ ಅದನ್ನು ಹೇಳಿಕೊಡುವಾಗ ನನಗೆ ತುಸು ಹೆಚ್ಚೇ ಖುಷಿ. ಮೊದಲ ತಂತಿಯೊಂದರಲ್ಲೇ ನುಡಿಸಿ: ಖಾಲಿ ತಂತಿ ಷಡ್ಜ, ಆಮೇಲೆ 1, 4, 5, 7, 8, 11, 12ನೆಯ ಮೆಟ್ಟಿಲುಗಳು. ಪ್ರತಿ ಆವರ್ತದ ಕೊನೆಗೆ ಹೆಬ್ಬೆರಳಿನಿಂದ ಗಿಡ್ಡ ತಂತಿ ಮೀಟಿ. ಜಂಟಿ ವರಸೆಯಲ್ಲಿ ಎರಡನೆಯ ಸ್ವರಕ್ಕೆ ಕೆಳಗಿನ ಸ್ವರದಿಂದ ಬೆರಳನ್ನು ಬಡಿದು ಒತ್ತು ಕೊಡಬೇಕು. ಈ ಸ್ಫುರಿತ ಬ್ಯಾಂಜೋದಲ್ಲಿ ಹರಳು ಹುರಿದಂತೆ ಕೇಳಿಸುತ್ತದೆ. ಆಮೇಲೆ ಮಲಹರಿಯ ಗೀತೆಗಳು.

ಬೆರಳಿಗೆ ನಖಿ ಬೇಕೇ?

ಬ್ಲೂಗ್ರಾಸ್ ಎಂಬ ಅಮೆರಿಕದ ಶೈಲಿಯಲ್ಲಿ ನುಡಿಸುವವರು ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನದು, ತೋರು ಮತ್ತು ನಡು ಬೆರಳಿಗೆ ಲೋಹದ್ದು ಹಾಕುತ್ತಾರೆ. ನಾನು ಉಗುರಿನಿಂದಲೇ ಮೀಟುತ್ತೇನೆ. ದೊಡ್ಡ ಸಭೆಗೆ ಮಾತ್ರ ಹೆಬ್ಬೆರಳಿಗೆ ಒಂದನ್ನು ಹಾಕುವುದುಂಟು.

ಯಾವ ರಚನೆಗಳು ಹೊಂದುತ್ತವೆ?

ಮುತ್ತುಸ್ವಾಮಿ ದೀಕ್ಷಿತರ ನೋಟುಸ್ವರ ಸಾಹಿತ್ಯಗಳಿಂದ ಆರಂಭಿಸಿ ಎನ್ನುತ್ತೇನೆ. ದೀಕ್ಷಿತರು (1775–1835) ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ಪುಟ್ಟ ರಚನೆಗಳು ಇವು, ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿವೆ. ‘ಸಂತತಂ ಪಾಹಿಮಾಂ’ ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟು. ಸ್ವರವನ್ನು ಅಲುಗಿಸಿ ಜಗ್ಗುವ ಗಮಕದ ಭಾರವಿಲ್ಲ, ಸ್ವರಗಳು ಸರಸರನೆ ಸಾಗುತ್ತವೆ. ಎರಡು ಸಂಗೀತಗಳು ಒಂದೇ ಅಂಗಳದಲ್ಲಿ ಕುಳಿತ ಹಾಗಿರುವ ಈ ರಚನೆಗಳನ್ನು ಬ್ಯಾಂಜೋಗೆಂದೇ ಮಾಡಿದಂತೆ ನನಗೆ ತೋರುತ್ತದೆ.

ಆಮೇಲೆ ಹಂಸಧ್ವನಿ, ಕದನಕುತೂಹಲ, ನಾಟ, ಆರಭಿ ರಾಗಗಳ ಕೃತಿಗಳು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ‘ರಘುವಂಶ ಸುಧಾ’ ನುಡಿಸಿದಾಗ ಹಿಂದಿನ ಸಾಲಿನ ಮಕ್ಕಳೂ ಮುಂದೆ ಬಂದು ಕೂರುತ್ತಾರೆ. ಸಹಾನ, ಆಹಿರಿ, ಯದುಕುಲಕಾಂಬೋಜಿಯಂಥ ರಾಗಗಳನ್ನು ನಾನು ಸಭೆಯಲ್ಲಿ ನುಡಿಸುವುದಿಲ್ಲ. ಅವುಗಳ ಉಸಿರು ಉದ್ದ, ಅವನ್ನು ಕಂಠಕ್ಕೇ ಬಿಡುತ್ತೇನೆ.

## ಒಳಹೊಕ್ಕು

ಮೆಟ್ಟಿಲಿರುವ ವಾದ್ಯದಲ್ಲಿ ಗಮಕ ಹೇಗೆ ಬರುತ್ತದೆ? ಗಮಕವಿಲ್ಲದೆ ಕರ್ನಾಟಕ ಸಂಗೀತವೇ ಇಲ್ಲವಲ್ಲ.

ವೀಣೆಗೂ ಮೆಟ್ಟಿಲಿದೆ. ತಂತಿಯನ್ನು ಪಕ್ಕಕ್ಕೆ ಜಗ್ಗಿದರೆ ಸ್ವರ ಏರುತ್ತದೆ. ಬ್ಯಾಂಜೋದ ತಂತಿ ತೆಳು, ದಂಡಿಯ ನಡುಭಾಗದಲ್ಲಿ ಒಂದೂವರೆ ಸ್ವರದವರೆಗೆ ಜಗ್ಗಬಹುದು. ಎರಡು ತೊಡಕುಗಳಿವೆ. ಹೆಚ್ಚು ಜಗ್ಗಿದರೆ ಕುದುರೆ ಜರುಗುತ್ತದೆ. ಒಂದು ತಂತಿ ಬಿಗಿಯಾದಾಗ ಕುದುರೆ ಮುಚ್ಚಿಗೆಯನ್ನು ಅದುಮುವುದರಿಂದ ಉಳಿದ ತಂತಿಗಳು ಒಂದೆಳೆ ಇಳಿಯುತ್ತವೆ. ಆದ್ದರಿಂದ ಜಗ್ಗಿ ಹಿಡಿದ ಸ್ವರದ ಜೊತೆಗೆ ಗಿಡ್ಡ ತಂತಿಯನ್ನು ಮೀಟಬೇಡಿ, ಸ್ವರ ನೆಲೆಗೆ ಮರಳಿದ ಮೇಲೆ ಮೀಟಿ.

ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಜೋದ ಮೆಟ್ಟಿಲುಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದವು. ತಂಬೂರಿಯಲ್ಲಿ ತಾನಾಗಿ ಮೊಳಗುವ ಅಂತರ ಗಾಂಧಾರಕ್ಕಿಂತ ನಾಲ್ಕನೆಯ ಮೆಟ್ಟಿಲಿನ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ, ಅಂದರೆ ಅರ್ಧ ಸ್ವರದ ಏಳನೆಯ ಒಂದು ಪಾಲು. ಕಿವಿ ಪಳಗಿದವರಿಗೆ ಅದು ಚುಚ್ಚುತ್ತದೆ. ಜಗ್ಗಿದರೆ ಸ್ವರ ಇನ್ನೂ ಏರುವುದೇ ಹೊರತು ಇಳಿಯದು. ಹಾಗಾಗಿ ಗಾಂಧಾರದ ಮೇಲೆ ನಿಲ್ಲಬೇಕಾದಾಗ ಮೂರನೆಯ ಮೆಟ್ಟಿಲಿನಲ್ಲಿ ಒತ್ತಿ, ತಂಬೂರಿಗೆ ಸೇರುವವರೆಗೆ ಜಗ್ಗಿ. ಕಷ್ಟದ ಕೆಲಸ. ನನಗೆ ಇದು ಒಂದು ಮಳೆಗಾಲವಿಡೀ ಹಿಡಿಯಿತು.

ಹೊಸಹಳ್ಳಿಯ ಗಮಕಕ್ಕೂ ಇದಕ್ಕೂ ಸಂಬಂಧವಿದೆಯೇ?

ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯದು ಕಾವ್ಯವಾಚನದ ಗಮಕ ಕಲೆ, ಹೆಸರಷ್ಟೇ ಒಂದು. ಆದರೂ ನನಗೆ ಅಲ್ಲಿಂದ ದೊಡ್ಡ ಪಾಠ ಸಿಕ್ಕಿದೆ. ಗಮಕಿಗಳು ಕುಮಾರವ್ಯಾಸನ ಷಟ್ಪದಿಯನ್ನು ಓದುವಾಗ ಪದ ಒಡೆಯುವ ಜಾಗದಲ್ಲೇ ಸ್ವರವೂ ಒಡೆಯುತ್ತದೆ. ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೆಯೋ ಅಲ್ಲಿ ಮೀಟು, ಅಕ್ಷರ ಎಳೆಯುವಲ್ಲಿ ಮೀಟದೆ ಜಾರು ಅಥವಾ ಬೆರಳ ಬಡಿತ ಎಂಬ ನಿಯಮವನ್ನು ನಾನು ಅದನ್ನು ಕೇಳುತ್ತಲೇ ಕಟ್ಟಿಕೊಂಡೆ. ಸಾಹಿತ್ಯ ಗೊತ್ತಿಲ್ಲದ ಕೃತಿಯನ್ನು ಬ್ಯಾಂಜೋದಲ್ಲಿ ನುಡಿಸಿದರೆ ತಂತಿ ತಟ್ಟಿದಂತೆ ಕೇಳಿಸುತ್ತದೆಯೇ ಹೊರತು ಹಾಡಿದಂತೆ ಅಲ್ಲ.

ಪಕ್ಕವಾದ್ಯ ಹೇಗಿರಬೇಕು?

ಪಿಟೀಲು ಇದ್ದರೆ ಭಾಗ್ಯ. ನನ್ನ ಸ್ವರ ಅಡಗಿದಲ್ಲಿ ಅದು ಎತ್ತಿಕೊಳ್ಳುತ್ತದೆ. ಮೃದಂಗದವರಿಗೆ ನನ್ನ ಕೋರಿಕೆ ಒಂದೇ, ಬಲದ ಚಾಪನ್ನು ಸ್ವಲ್ಪ ಹಿಡಿದಿಡಿ. ಎರಡೂ ಮುಚ್ಚಿಗೆಯ ವಾದ್ಯಗಳು, ಒಂದರ ಮೊನೆ ಇನ್ನೊಂದನ್ನು ಮುಚ್ಚುತ್ತದೆ.

ಸ್ವರ ನಿಲ್ಲದ ವಾದ್ಯದಲ್ಲಿ ಆಲಾಪನೆ ಸಾಧ್ಯವೇ?

ವಿಳಂಬ ಆಲಾಪನೆಯನ್ನು ನಾನು ಐದಾರು ನಿಮಿಷಕ್ಕೆ ಮುಗಿಸುತ್ತೇನೆ. ಈ ವಾದ್ಯ ಅರಳುವುದು ಆಲಾಪನೆಯ ನಂತರ ಲಯಬದ್ಧವಾಗಿ ನುಡಿಸುವ ತಾನದಲ್ಲಿ. ವೀಣೆಯಲ್ಲಿ ತಾನ ನುಡಿಸುವಾಗ ಕಿರುಬೆರಳು ತಾಳದ ತಂತಿಗಳನ್ನು ಮೀಟುತ್ತ ಹೋಗುತ್ತದೆ. ಬ್ಯಾಂಜೋದಲ್ಲಿ ಆ ಕೆಲಸ ಹೆಬ್ಬೆರಳಿನದು, ಗಿಡ್ಡ ತಂತಿಯದು. ‘ಅನಂತಂ, ಆನಂದಂ’ ಎಂಬ ಅಕ್ಷರಗಳ ತೂಕವನ್ನು ಮೂರು ಬೆರಳುಗಳಿಗೆ ಹಂಚಿ, ನಾಟ ಅಥವಾ ಆರಭಿಯಲ್ಲಿ ತಾನ ಹಿಡಿದರೆ ಸ್ವರ ಚಿಕ್ಕದೆಂಬ ಕೊರಗೇ ಮರೆತುಹೋಗುತ್ತದೆ. ಒಂದು ಸ್ವರ ಅಡಗುವಷ್ಟರಲ್ಲಿ ಮುಂದಿನದು ಹುಟ್ಟಿರುತ್ತದೆ, ನಡುವೆ ಪಂಚಮ ಮಿನುಗುತ್ತಿರುತ್ತದೆ. ಹಿಂದೂಸ್ತಾನಿಯವರು ಇದೇ ತಂತ್ರವನ್ನು ಸರೋದಿನ ಶ್ರುತಿ ತಂತಿಗಳಾದ ಚಿಕಾರಿಯನ್ನು ಬೇಗ ಬೇಗ ಮೀಟುತ್ತ ಝಾಲಾ ನುಡಿಸುವಾಗ ಬಳಸುತ್ತಾರೆ. ಸರೋದಿಗೂ ಚರ್ಮದ ಮುಚ್ಚಿಗೆ ಇರುವುದು ಗಮನಾರ್ಹ.

ಹಾಗಾದರೆ ಸರೋದಿನಂತೆ ಮೆಟ್ಟಿಲು ತೆಗೆದ ಬ್ಯಾಂಜೋ ಮಾಡಿಸಿದರೆ?

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಬ್ಯಾಂಜೋಗಳಿಗೆ ಮೆಟ್ಟಿಲೇ ಇರಲಿಲ್ಲ, ನಿಮ್ಮ ಯೋಚನೆ ವಾದ್ಯದ ಹಳೆಯ ರೂಪಕ್ಕೇ ಮರಳುವಂಥದ್ದು. ಸಾಗರದಲ್ಲಿ ಗಂಧದ ಕೆತ್ತನೆ ಬಲ್ಲ ಒಬ್ಬರ ನೆರವಿನಿಂದ ನಾನೂ ಒಂದನ್ನು ಮಾಡಿಸಿದೆ. ಜಾರು ಅದ್ಭುತವಾಗಿ ಬಂತು, ಗಾಂಧಾರದ ತೊಂದರೆ ಕರಗಿತು. ಆದರೆ ಮರದ ಮೇಲೆ ಮೆತ್ತನೆಯ ಬೆರಳು ಒತ್ತಿದಾಗ ಮೊದಲೇ ಚಿಕ್ಕದಾದ ಸ್ವರ ಇನ್ನೂ ಮೊಟಕಾಯಿತು. ಸರೋದಿನಲ್ಲಿ ಉಕ್ಕಿನ ಹಾಸು ಹಾಕಿ, ಉಗುರಿನಿಂದ ಒತ್ತುವುದು ಇದಕ್ಕಾಗಿಯೇ. ಈಗ ನನ್ನ ದಂಡಿಯ ಮೇಲೂ ತೆಳು ಉಕ್ಕಿನ ತಗಡು ಕೂಡಿಸಲು ಕೊಟ್ಟಿದ್ದೇನೆ. ಈ ಮಳೆ ನಿಂತು, ಅಂಟು ಒಣಗುವ ಬಿಸಿಲು ಬಂದ ಮೇಲೆ ಅದು ಕೈಗೆ ಬರುತ್ತದೆ.